ಬ್ಯಾಲೆನ್ಸ್ಡ್ ಡ್ಯಾಕ್ ಬೇಕಾ? ಮೊದಲು ಆಂಪ್‌ನ ಹಿಂಬದಿ ನೋಡಿ

ಒಳ್ಳೆಯ ಹೆಡ್‌ಫೋನ್ ಆಂಪ್ ತಗೊಂಡವರಿಗೆಲ್ಲ ಮುಂದಿನ ಪ್ರಶ್ನೆ ಒಂದೇ. ಇದಕ್ಕೆ ಬ್ಯಾಲೆನ್ಸ್ಡ್ ಡ್ಯಾಕ್ ಜೋಡಿಸಬೇಕಾ, ಟಿವಿ, ಸ್ಟೀರಿಯೊ ಹಿಂದೆ ಇರುವಂಥ ದುಂಡು ಸಾಕೆಟ್ಟಿನ ಮಾಮೂಲಿ ಆರ್‌ಸಿಎ ಡ್ಯಾಕ್ ಸಾಕಾ? ಡ್ಯಾಕ್ ಕೆಲಸ ಎಲ್ಲರಿಗೂ ಗೊತ್ತು: ಹಾಡಿನ ಫೈಲ್‌ನಲ್ಲಿರುವ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು. ಆ ಅಲೆಗೆ ಹೆಡ್‌ಫೋನ್ ಓಡಿಸುವಷ್ಟು ಕಸುವು ಕೊಡುವುದು ಆಂಪ್. ಗೊಂದಲ ಇರುವುದು ‘ಬ್ಯಾಲೆನ್ಸ್ಡ್’ ಅನ್ನುವ ಕಡೆ. ನನ್ನ ಪ್ರಕಾರ ಅದರ ನಿಜವಾದ ಲಾಭ ಡ್ಯಾಕ್ ಚಿಪ್ಪಿನೊಳಗೂ ಇಲ್ಲ, ಹೆಡ್‌ಫೋನಿನಲ್ಲೂ ಇಲ್ಲ. ಎರಡು ಪೆಟ್ಟಿಗೆಗಳ ನಡುವಿನ ಕೇಬಲ್ಲಿನಲ್ಲಿದೆ.

ಬ್ಯಾಲೆನ್ಸ್ಡ್ ಅನ್ನುವ ಈ ಉಪಾಯ ಆಡಿಯೊದವರದ್ದಲ್ಲ, ಟೆಲಿಫೋನಿನವರದ್ದು. ಮೊದಮೊದಲು ಫೋನಿಗೆ ಒಂದೇ ತಂತಿ ಎಳೆದು, ವಾಪಸ್ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದರು. ಪಕ್ಕದ ಟೆಲಿಗ್ರಾಫ್ ತಂತಿಯ ಕಟಕಟ ಸದ್ದೆಲ್ಲ ಮಾತಿನ ಜೊತೆ ಕೇಳುತ್ತಿತ್ತು. ಭೂಮಿಯನ್ನು ಬಿಟ್ಟು ಎರಡು ತಂತಿ ಎಳೆದು, ಎರಡನ್ನೂ ಹೆಣೆದರೆ ಈ ಕಾಟ ಕಡಿಮೆಯಾಗುತ್ತದೆ ಅಂತ ತೋರಿಸಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಹೊರಗಿನ ಗದ್ದಲ ಎರಡೂ ತಂತಿಯ ಮೇಲೆ ಒಂದೇ ರೀತಿ ಕೂರುತ್ತದೆ. ಆ ತುದಿಯಲ್ಲಿರುವ ಸಾಧನ ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಹಾಗಾಗಿ ಗದ್ದಲ ಕಳೆದುಹೋಗುತ್ತದೆ, ಮಾತು ಉಳಿಯುತ್ತದೆ. ಇವತ್ತಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಮಾಡುವುದೂ ಇದನ್ನೇ. 2 ಮತ್ತು 3ನೇ ಪಿನ್ನಿನಲ್ಲಿ ಸಿಗ್ನಲ್, 1ನೇ ಪಿನ್ನಿನಲ್ಲಿ ಶೀಲ್ಡ್, ಅಂದರೆ ತಂತಿಗಳ ಸುತ್ತಲಿನ ಲೋಹದ ಹೊದಿಕೆ.

ಎರಡು ತಂತಿಯಲ್ಲಿ ಒಂದರ ತಲೆಕೆಳಗಾದ ಪ್ರತಿ ಇನ್ನೊಂದರಲ್ಲಿ ಇರಲೇಬೇಕು, ಗದ್ದಲ ಹೋಗುವುದು ಅದರಿಂದಲೇ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಬೇಕಾಗಿರುವುದು ಎರಡೂ ತಂತಿಗಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸರಿಸಮ ಇರುವುದು. ಅದು ಸಮ ಇದ್ದರೆ ಒಂದೇ ತಂತಿಯಲ್ಲಿ ಸಿಗ್ನಲ್ ಇದ್ದರೂ ಗದ್ದಲ ಹೋಗುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಡ್ಯಾಕನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹಾಕಿದ್ದೀರಿ, ಆಂಪ್ ಬೇರೆ ಪ್ಲಗ್‌ನಲ್ಲಿದೆ, ನಡುವೆ ಆರ್‌ಸಿಎ ಕೇಬಲ್. ಎರಡರ ಗ್ರೌಂಡ್ (ಸೊನ್ನೆ ವೋಲ್ಟ್ ಅಂತ ಎಣಿಸುವ ಜಾಗ) ಪೂರ್ತಿ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಆದ್ದರಿಂದ ಕೇಬಲ್ಲಿನ ಶೀಲ್ಡ್ ಮೂಲಕ ಸಣ್ಣದೊಂದು ಕರೆಂಟ್ ಹರಿಯುತ್ತಿರುತ್ತದೆ. 1 ಮಿಲಿಆಂಪಿಯರ್ ಅಂತಿಟ್ಟುಕೊಳ್ಳಿ. ಶೀಲ್ಡ್‌ನ ರೆಸಿಸ್ಟೆನ್ಸ್ 0.1 ಓಂ ಇದ್ದರೆ ಅದರ ಎರಡು ತುದಿಗಳ ನಡುವೆ 100 ಮೈಕ್ರೊವೋಲ್ಟ್ ಹುಟ್ಟುತ್ತದೆ. ಆರ್‌ಸಿಎಯಲ್ಲಿ ಶೀಲ್ಡೇ ಸಿಗ್ನಲ್ಲಿನ ವಾಪಸ್ ದಾರಿ ಅಲ್ವಾ? ಹಾಗಾಗಿ ಈ 100 ಮೈಕ್ರೊವೋಲ್ಟ್ ನೇರವಾಗಿ ಸಂಗೀತಕ್ಕೆ ಸೇರಿಕೊಳ್ಳುತ್ತದೆ. 2 ವೋಲ್ಟ್ ಸಿಗ್ನಲ್ಲಿಗೆ ಹೋಲಿಸಿದರೆ ಅದು 86 ಡೆಸಿಬಲ್ ಕೆಳಗಿದೆ. ನೀವು ತಂದ ಡ್ಯಾಕ್‌ನ ಡಬ್ಬದ ಮೇಲೆ ಸಿಗ್ನಲ್ಲಿಗೂ ಗದ್ದಲಕ್ಕೂ ಅಂತರ 120 ಡೆಸಿಬಲ್ ಅಂತ ಬರೆದಿದೆ ಅನ್ನಿ, ಅಂದರೆ ಅದರ ಸ್ವಂತ ಗದ್ದಲ ಬರೀ 2 ಮೈಕ್ರೊವೋಲ್ಟ್. ಒಂದು ಸಾಧಾರಣ ಕೇಬಲ್ ಅದರ 50 ಪಟ್ಟು ಗದ್ದಲ ಸೇರಿಸಿ ಡ್ಯಾಕ್ ಮಾಡಿದ ಒಳ್ಳೆ ಕೆಲಸವನ್ನೆಲ್ಲ ನುಂಗಿಹಾಕಿತು.

ಅದೇ ಜಾಗದಲ್ಲಿ ಎಕ್ಸ್‌ಎಲ್‌ಆರ್ ಹಾಕಿ. ಶೀಲ್ಡ್‌ನಲ್ಲಿ ಕರೆಂಟ್ ಈಗಲೂ ಹರಿಯುತ್ತದೆ, ಆದರೆ ಸಿಗ್ನಲ್ಲಿಗೆ ಶೀಲ್ಡ್ ಜೊತೆ ಸಂಬಂಧವಿಲ್ಲ. ಆಂಪ್‌ನ ಇನ್‌ಪುಟ್ ಸಮಾನ ಗದ್ದಲವನ್ನು 60 ಡೆಸಿಬಲ್ ತಗ್ಗಿಸುವಂಥದ್ದಾದರೆ ಉಳಿಯುವುದು 0.1 ಮೈಕ್ರೊವೋಲ್ಟ್. ನಾನು ಬ್ಯಾಲೆನ್ಸ್ಡ್ ಪರ ವಾದ ಮಾಡುವುದು ಈ ಒಂದು ಕಾರಣಕ್ಕೆ.

ಎಕ್ಸ್‌ಎಲ್‌ಆರ್ ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಶೀಲ್ಡ್ ಹೊತ್ತು ತಂದ ಕರೆಂಟನ್ನು 1ನೇ ಪಿನ್ ಸೀದಾ ಲೋಹದ ಮೈಗೆ ದಾಟಿಸಬೇಕು. ಕೆಲವು ಸಾಧನಗಳಲ್ಲಿ ಅದನ್ನು ಒಳಗಿನ ಸರ್ಕ್ಯೂಟಿನ ಗ್ರೌಂಡಿಗೆ ಕಟ್ಟಿರುತ್ತಾರೆ, ಆಗ ಗದ್ದಲ ಮನೆಯೊಳಗೇ ಬಂದ ಹಾಗೆ. ಆಡಿಯೊ ಎಂಜಿನಿಯರ್ ನೀಲ್ ಮನ್ಸಿ 1995ರ ಲೇಖನವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ ಮೇಲೆ ‘ಪಿನ್ 1 ಸಮಸ್ಯೆ’ ಅನ್ನುವ ಹೆಸರೇ ನಿಂತಿತು. ಪರೀಕ್ಷೆ ಸುಲಭ. ಹಾಡು ನಿಲ್ಲಿಸಿ, ನೀವು ಯಾವಾಗಲೂ ಕೇಳುವ ವಾಲ್ಯೂಮ್ ಇಟ್ಟು, ಮೌಸ್ ಆಡಿಸಿ, ಭಾರಿ ಪ್ರೋಗ್ರಾಂ ಒಂದನ್ನು ತೆರೆಯಿರಿ. ಗುಂಯ್ ಅಂತಲೋ ಚಿರ್ ಅಂತಲೋ ಕೇಳಿದರೆ ಗ್ರೌಂಡ್ ಕಾಟ ಇದೆ. ಏನೂ ಕೇಳದಿದ್ದರೆ, ಅರ್ಧ ಮೀಟರ್ ಆರ್‌ಸಿಎ ಕೇಬಲ್ಲಿನಲ್ಲೇ ನಿಮ್ಮ ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ಕಾಟ ಇದ್ದರೂ, ಡ್ಯಾಕ್‌ಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಮೊದಲು ಅದನ್ನು ಬಳಸಿ ನೋಡಿ. ಬೆಳಕಿನ ದಾರಿಯಲ್ಲಿ ಕರೆಂಟ್ ಹರಿಯುವುದಿಲ್ಲ.

ಇನ್ನು ಚಿಪ್ ವಿಷಯ. ಚಿಪ್ ಮಾಡುವ ಕಂಪನಿ ಇಎಸ್‌ಎಸ್ ಆಗಲಿ ಎಕೆಎಂ ಆಗಲಿ, ಅವರ ಒಳ್ಳೆಯ ಆಡಿಯೊ ಡ್ಯಾಕ್ ಚಿಪ್ಪುಗಳು ಒಳಗಿಂದಲೇ ಎರಡು ಎದುರುಬದುರು ಸಿಗ್ನಲ್ ಕೊಡುತ್ತವೆ. ಆರ್‌ಸಿಎ ಡ್ಯಾಕ್ ಅವೆರಡರ ವ್ಯತ್ಯಾಸವನ್ನು ಒಳಗೇ ತೆಗೆದು ಕೊಡುತ್ತದೆ, ಅಷ್ಟೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಚಿಪ್ ಸಿಗದಂತಾದಾಗ ಹಲವು ತಯಾರಕರು ಬೇರೆ ಕಂಪನಿಯ ಚಿಪ್ಪಿಗೆ ಹೋದರು, ಒಳ್ಳೆಯ ಡ್ಯಾಕ್‌ಗಳು ಆಮೇಲೂ ಬಂದವು. ಚಿಪ್ಪಿನ ಹೆಸರಿಗಿಂತ ಅದರ ಸುತ್ತಲಿನ ಪವರ್ ಸಪ್ಲೈ, ಔಟ್‌ಪುಟ್ ಸರ್ಕ್ಯೂಟ್ ಮುಖ್ಯ.

ಆದ್ದರಿಂದ ಆಂಪ್‌ನ ಹಿಂಬದಿ ನೋಡಿ. ಬರೀ ಆರ್‌ಸಿಎ ಇದ್ದರೆ ಬ್ಯಾಲೆನ್ಸ್ಡ್ ಡ್ಯಾಕ್ ಸುಮ್ನೆ ಖರ್ಚು. ಎಕ್ಸ್‌ಎಲ್‌ಆರ್ ಇನ್‌ಪುಟ್ ಇದ್ದು, ಆಂಪ್ ಅದನ್ನು ಒಳಗೆ ತಕ್ಷಣ ಸಿಂಗಲ್ ಎಂಡೆಡ್ (ಆರ್‌ಸಿಎ ಥರ ಒಂದೇ ತಂತಿಯ ಸಿಗ್ನಲ್) ಮಾಡಿಕೊಂಡರೂ ಬೇಜಾರು ಬೇಡ, ಕೇಬಲ್ಲಿನ ಲಾಭ ಅಷ್ಟು ಹೊತ್ತಿಗೆ ಸಿಕ್ಕಾಗಿರುತ್ತದೆ. ಆಂಪ್‌ನ ಮುಂಬದಿಯಲ್ಲಿ 4.4 ಮಿಲಿಮೀಟರ್ ಅಥವಾ ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್ ಹೆಡ್‌ಫೋನ್ ಸಾಕೆಟ್ ಇದ್ದರೆ ಅದು ಬೇರೆಯೇ ಕಥೆ. ಅಲ್ಲಿ ಗದ್ದಲ ಕಳೆಯುವ ಕೆಲಸ ಇಲ್ಲ, ಹೆಡ್‌ಫೋನಿನ ಕಾಯಿಲನ್ನು ಎರಡೂ ಕಡೆಯಿಂದ ಓಡಿಸುತ್ತಾರೆ. ವೋಲ್ಟೇಜ್ ಎರಡು ಪಟ್ಟಿನವರೆಗೆ ಸಿಗುತ್ತದೆ, ಜೊತೆಗೆ ಔಟ್‌ಪುಟ್ ಇಂಪೀಡೆನ್ಸ್ ಕೂಡ ಎರಡರಷ್ಟಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಬ್ಯಾಲೆನ್ಸ್ಡ್ ಡ್ಯಾಕ್ ಬೇಕೇ ಬೇಕು ಅಂತಿಲ್ಲ. ಆರ್‌ಸಿಎಯಿಂದ ಬಂದದ್ದರ ಎದುರು ಪ್ರತಿಯನ್ನು ತಾನೇ ಮಾಡಿಕೊಳ್ಳುವ ಆಂಪ್‌ಗಳು ಬೇಕಾದಷ್ಟಿವೆ. ಎಲ್ಲವೂ ಹಾಗಲ್ಲ, ಮ್ಯಾನುಯಲ್ ಓದಿ.

ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನುವುದನ್ನೂ ಲೆಕ್ಕ ಹಾಕಿಯೇ ನೋಡಿ. ಸೆನ್‌ಹೈಸರ್ ಎಚ್‌ಡಿ 650 ಅನ್ನು ತಗೊಳ್ಳಿ. 300 ಓಂ, ತಯಾರಕರ ಲೆಕ್ಕದಲ್ಲಿ 1 ವೋಲ್ಟಿಗೆ 103 ಡೆಸಿಬಲ್. ಕಿವಿಗೆ ಹೊಡೆಯುವಂಥ 110 ಡೆಸಿಬಲ್ ಗಳಿಗೆಗೂ ಅದಕ್ಕೆ ಸುಮಾರು 2.24 ವೋಲ್ಟ್ ಸಾಕು, ಪವರ್ 17 ಮಿಲಿವಾಟ್ ಕೂಡ ಆಗುವುದಿಲ್ಲ. ಆರ್‌ಸಿಎ ಡ್ಯಾಕ್ ತಾನೇ 2 ವೋಲ್ಟ್ ಕೊಡುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ ಸಾಮಾನ್ಯವಾಗಿ 4 ವೋಲ್ಟ್ ಬರುತ್ತದೆ, 6 ಡೆಸಿಬಲ್ ಜಾಸ್ತಿ. ಅದನ್ನು ತಾಳದ ಇನ್‌ಪುಟ್ ಇದ್ದರೆ ಜೋರು ಭಾಗಗಳಲ್ಲಿ ಧ್ವನಿ ಒಡೆಯುತ್ತದೆ, ಹಾಗಾಗಿ ಆಂಪ್ ಗರಿಷ್ಠ ಎಷ್ಟು ವೋಲ್ಟ್ ತಗೊಳ್ಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

‘ಎಕ್ಸ್‌ಎಲ್‌ಆರ್ ಹಾಕಿದೆ, ಧ್ವನಿ ಅರಳಿತು’ ಅನ್ನುವ ಅನುಭವದ ಹಿಂದೆ ಇರುವುದೂ ಬಹಳ ಸಲ ಈ 6 ಡೆಸಿಬಲ್ಲೇ. ಜೋರಾಗಿರುವುದು ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಸರಿಯಾಗಿ ಹೋಲಿಸಬೇಕು ಅಂದರೆ 100 ಹರ್ಟ್ಸ್ ಟೋನ್ ಹಾಕಿ, ಹೆಡ್‌ಫೋನ್ ಔಟ್‌ನಲ್ಲಿ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಎರಡೂ ದಾರಿಯಲ್ಲಿ ಒಂದೇ ವೋಲ್ಟೇಜ್ ಬರುವ ಹಾಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಕೇಳಿ. ಅಳೆಯುವಾಗ ಹೆಡ್‌ಫೋನ್ ಕಿವಿಯ ಮೇಲೆ ಬೇಡ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಹುಷಾರು. ಆಂಪ್‌ನ ಬ್ಯಾಲೆನ್ಸ್ಡ್ ಹೆಡ್‌ಫೋನ್ ಔಟ್‌ಗೆ ಮಾಮೂಲಿ ಮೂರು ಸಂಪರ್ಕದ ಜ್ಯಾಕ್ ಇರುವ ಹೆಡ್‌ಫೋನನ್ನು ಅಡಾಪ್ಟರ್ ಹಾಕಿ ಚುಚ್ಚಬೇಡಿ. ಎಡ ಬಲ ಎರಡರ ಮೈನಸ್ ತಂತಿಗಳು ಒಂದಕ್ಕೊಂದು ತಾಗುತ್ತವೆ. ಅವೆರಡನ್ನೂ ಬೇರೆ ಬೇರೆ ಆಂಪ್ಲಿಫೈಯರ್ ಓಡಿಸುತ್ತಿರುತ್ತದೆ, ಆಂಪ್ ಸುಟ್ಟುಹೋಗಬಹುದು. ತಿರುಗು ಮುರುಗಾಗಿ, ಬ್ಯಾಲೆನ್ಸ್ಡ್ ಪ್ಲಗ್ ಇರುವ ಹೆಡ್‌ಫೋನನ್ನು ಮಾಮೂಲಿ ಸಾಕೆಟ್ಟಿಗೆ ಹಾಕುವ ಅಡಾಪ್ಟರ್‌ನಿಂದ ಏನೂ ತೊಂದರೆ ಇಲ್ಲ.