ಜನವರಿಯಲ್ಲಿ ಯೂಟಾದ ಕಣಿವೆಗಳಿಗೆ ಹೋಗಬಹುದೇ?

ಪ್ರಶ್ನೆ: ನಾವು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಜನವರಿ ಕೊನೆಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಯೂಟಾ ರಾಜ್ಯದ ಜಾಯನ್, ಬ್ರೈಸ್, ಆರ್ಚಸ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಡೆದಾಡಿ ಬರುವ ಆಸೆ. ಮರುಭೂಮಿಯಲ್ಲಿ ಚಳಿ ಎಲ್ಲಿಂದ ಬರಬೇಕು ಎಂದು ಒಬ್ಬ ಸ್ನೇಹಿತರು ಹೇಳಿದರೆ, ಚಳಿಗಾಲದಲ್ಲಿ ಅಲ್ಲಿ ಎಲ್ಲವೂ ಮುಚ್ಚಿರುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾರ ಮಾತು ನಂಬಬೇಕು?

ಇಬ್ಬರನ್ನೂ ನಂಬಬೇಡಿ. ಧಾರಾಳವಾಗಿ ಹೋಗಿಬನ್ನಿ. ನನ್ನನ್ನು ಕೇಳಿದರೆ ಈ ಉದ್ಯಾನಗಳಿಗೆ ಜುಲೈಗಿಂತ ಜನವರಿಯೇ ಮೇಲು. ಜುಲೈನಲ್ಲಿ ಜಾಯನ್ ಕಣಿವೆಯ ತಳದಲ್ಲಿ 38 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುವ ಈ ಉದ್ಯಾನದಲ್ಲಿ ಬೇಸಿಗೆಯ ಬೆಳಗ್ಗೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ಪುಣ್ಯ. ಊರಿನಿಂದ ಅಪ್ಪ ಅಮ್ಮ ಬರುವುದು ಬೇಸಿಗೆಯಲ್ಲೇ ಆದ್ದರಿಂದ ನಮ್ಮವರಲ್ಲಿ ಬಹುಪಾಲು ಜನ ಈ ಕಣಿವೆಗಳನ್ನು ಅತ್ಯಂತ ಕೆಟ್ಟ ಕಾಲದಲ್ಲೇ ನೋಡಿರುತ್ತಾರೆ. ಚಳಿಗಾಲದ ಲೆಕ್ಕಾಚಾರವೇ ಬೇರೆ. ಅಲ್ಲಿ ಯಾವ ತಿಂಗಳು ಎಂಬುದಕ್ಕಿಂತ ಎಷ್ಟು ಎತ್ತರ ಎಂಬ ಪ್ರಶ್ನೆ ದೊಡ್ಡದು.

ಈ ಉದ್ಯಾನಗಳೆಲ್ಲ ಕೊಲರಾಡೊ ಪ್ರಸ್ಥಭೂಮಿ ಎಂಬ ಎತ್ತರದ ನೆಲದ ಮೇಲೆ ಮತ್ತು ಅದರ ಅಂಚಿನಲ್ಲಿವೆ. ಜಾಯನ್ ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಅಲ್ಲಿಂದ ಎರಡು ಗಂಟೆ ಕಾರು ಓಡಿಸಿದರೆ ಸಿಗುವ ಬ್ರೈಸ್‌ನ ಅಂಚು 2,400 ಮೀಟರಿಗೂ ಮೇಲೆ. ರಸ್ತೆ ಕೊನೆಗೊಳ್ಳುವ ರೇನ್‌ಬೋ ಪಾಯಿಂಟ್ ಹತ್ತಿರ ಅದು 2,770 ಮೀಟರ್ ದಾಟುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ಹಾಗಾಗಿ ಒಂದೇ ದಿನ ಬೆಳಗ್ಗೆ ಜಾಯನ್‌ನಲ್ಲಿ ಹತ್ತು ಹನ್ನೆರಡು ಡಿಗ್ರಿಯ ಹಿತವಾದ ಬಿಸಿಲಿನಲ್ಲಿ ಸ್ವೆಟರ್ ಕಳಚಿ ನಡೆದವರು ಸಂಜೆ ಬ್ರೈಸ್‌ನಲ್ಲಿ ಸೊನ್ನೆಗಿಂತ ಕೆಳಗಿನ ಗಾಳಿಗೆ ನಡುಗಬೇಕಾಗುತ್ತದೆ. ಅಲ್ಲಿ ಜನವರಿ ರಾತ್ರಿಯ ತಾಪಮಾನ ಮೈನಸ್ ಒಂಬತ್ತು ಹತ್ತಕ್ಕೆ ಇಳಿಯುವುದು ವಿಶೇಷವೇನಲ್ಲ.

ಮೊದಲು ಜಾಯನ್. ಲಾಸ್ ವೇಗಸ್‌ನಿಂದ ಸುಮಾರು 160 ಮೈಲಿ. ವರ್ಷದ ಬಹುಭಾಗ ಕಣಿವೆಯೊಳಗಿನ ರಸ್ತೆಯಲ್ಲಿ ಉದ್ಯಾನದ ಬಸ್ಸುಗಳಿಗೆ ಮಾತ್ರ ಪ್ರವೇಶ. ಜನವರಿಯಲ್ಲಿ ಆ ಬಸ್ಸುಗಳು ನಿಂತಿರುವುದರಿಂದ ಸ್ವಂತ ಕಾರಿನಲ್ಲೇ ಒಳಗೆ ಹೋಗಬಹುದು, ಇದೊಂದು ದೊಡ್ಡ ಲಾಭ. ಆದರೆ ಡಿಸೆಂಬರ್ ಕೊನೆಯ ವಾರವನ್ನು ಚಳಿಗಾಲವೆಂದು ಎಣಿಸಬೇಡಿ. ಕ್ರಿಸ್‌ಮಸ್ ರಜೆಯ ಗದ್ದಲಕ್ಕೆಂದೇ ಬಸ್ಸುಗಳು ಮತ್ತೆ ಓಡುತ್ತವೆ. ವರ್ಜಿನ್ ನದಿಯ ದಡದ ರಿವರ್‌ಸೈಡ್ ವಾಕ್, ಪ್ರವೇಶದ್ವಾರದ ಬಳಿಯ ವಾಚ್‌ಮನ್ ಹಾದಿ, ಒಂದು ಮೈಲಿಗೂ ಉದ್ದದ ಹಳೆಯ ಸುರಂಗದ ಆಚೆಗಿರುವ ಕ್ಯಾನ್ಯನ್ ಓವರ್‌ಲುಕ್, ಇವು ಮೂರೂ ಸಾಮಾನ್ಯವಾಗಿ ನಡೆಯುವ ಸ್ಥಿತಿಯಲ್ಲಿರುತ್ತವೆ.

ಇಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನು ಓದಲು ಕಲಿಯಬೇಕು. ಕೆಲವೆಡೆ 600 ಮೀಟರ್ ಎತ್ತರದ ಬಂಡೆಗೋಡೆಗಳಿರುವ ಕಣಿವೆಯಲ್ಲಿ ಚಳಿಗಾಲದ ತಗ್ಗು ಸೂರ್ಯ ಕೆಲವು ಮೂಲೆಗಳನ್ನು ಇಡೀ ದಿನ ಮುಟ್ಟುವುದೇ ಇಲ್ಲ. ಬಿಸಿಲು ಬೀಳುವ ಹಾದಿ ಒಣಗಿದ ಕೆಂಪು ಮಣ್ಣಾಗಿದ್ದರೆ, ತಿರುವು ದಾಟಿದೊಡನೆ ನೆರಳಿನಲ್ಲಿ ವಾರಗಟ್ಟಲೆ ಕರಗದ ಗಾಜಿನಂಥ ಹಿಮ. ಅಪಾಯವಿರುವುದು ಆ ಹತ್ತು ಹೆಜ್ಜೆಯಲ್ಲೇ. ಶೂ ಮೇಲೆ ಎಳೆದುಕೊಳ್ಳುವ ಉಕ್ಕಿನ ಹಲ್ಲುಗಳ ಪಟ್ಟಿಗೆ ಅಲ್ಲಿ ಮೈಕ್ರೋಸ್ಪೈಕ್ಸ್ ಎನ್ನುತ್ತಾರೆ. ದುಬಾರಿ ಜಾಕೆಟ್ಟಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ ಒಬ್ಬೊಬ್ಬರಿಗೂ ಒಂದೊಂದು ಜೊತೆ ಕೊಳ್ಳಿ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಿರಿದಾದ ಬಂಡೆಯ ಬೆನ್ನಿಗೆ ಸರಪಳಿ ಹಿಡಿದು ಹತ್ತಲು 2022ರ ಏಪ್ರಿಲ್‌ನಿಂದ ಎಲ್ಲ ಋತುವಿನಲ್ಲೂ ಪರವಾನಗಿ ಬೇಕು. ಚಳಿಗಾಲದಲ್ಲಿ ಪೈಪೋಟಿ ಕಡಿಮೆ, ನಿಜ. ಆದರೂ ಹಿಮ ಕಟ್ಟಿದ ದಿನ ಆ ಕಡೆ ಹೋಗಬೇಡಿ ಎಂದೇ ಹೇಳುತ್ತೇನೆ. ನದಿಯೊಳಗೇ ನಡೆಯುವ ನ್ಯಾರೋಸ್ ಕೂಡ ನೀರು ಒಳಬಾರದ ಪೂರ್ಣ ಉಡುಪು ಬಾಡಿಗೆಗೆ ಪಡೆಯದವರಿಗಲ್ಲ.

ಪ್ರವಾಸಕ್ಕೆ ಜನವರಿಯನ್ನೇ ಆರಿಸಲು ಬ್ರೈಸ್ ಒಂದೇ ಸಾಕಾದ ಕಾರಣ. ಇದನ್ನು ಕೊರೆದದ್ದು ನದಿಯಲ್ಲ. ಪ್ರಸ್ಥಭೂಮಿಯ ಅಂಚು ಅರ್ಧಚಂದ್ರಾಕಾರವಾಗಿ ಕುಸಿದು, ಸಾವಿರಾರು ಕಿತ್ತಳೆ, ಗುಲಾಬಿ, ಬಿಳಿ ಕಂಬಗಳಾಗಿ ನಿಂತಿದೆ. ಈ ಕಂಬಗಳಿಗೆ ಹೂಡೂ ಎಂದು ಹೆಸರು. ಇವನ್ನು ಕಡೆಯುವ ಶಿಲ್ಪಿ ಚಳಿಗಾಲವೇ. ವರ್ಷದ ಸುಮಾರು ಅರ್ಧದಷ್ಟು ದಿನ ಇಲ್ಲಿ ಹಗಲಿನಲ್ಲಿ ತಾಪಮಾನ ಸೊನ್ನೆಯ ಮೇಲೇರಿ ರಾತ್ರಿ ಕೆಳಗಿಳಿಯುತ್ತದೆ. ಹಗಲು ಕರಗಿದ ಹಿಮದ ನೀರು ಸುಣ್ಣಕಲ್ಲಿನ ಬಿರುಕಿಗೆ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗಿ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಮೊದಲು ಗೋಡೆ, ಆಮೇಲೆ ಗೋಡೆಯಲ್ಲಿ ಕಿಟಕಿ, ಕಿಟಕಿಯ ಮೇಲ್ಭಾಗ ಬಿದ್ದಾಗ ಕಂಬ, ಕೊನೆಗೆ ಕಂಬವೂ ಪುಡಿ. ಮಳೆನೀರು ಸುಣ್ಣವನ್ನು ಕರಗಿಸಿ ಅಂಚುಗಳನ್ನು ನುಣುಪು ಮಾಡುತ್ತದೆ. ಬೇಸಿಗೆಯ ಪ್ರವಾಸಿ ನೋಡುವುದು ಮುಗಿದ ಕೆಲಸವನ್ನು. ಜನವರಿಯ ಮಧ್ಯಾಹ್ನ ಹೋದವರಿಗೆ ಕಲ್ಲಿನ ಚೂರುಗಳು ಉದುರುವ ಸದ್ದೂ ಕೇಳಬಹುದು. ಇನ್ನು ಕಿತ್ತಳೆ ಕಲ್ಲಿನ ತಲೆಯ ಮೇಲೆ ಬಿಳಿ ಹಿಮ, ಹಿಂದೆ ಕಡುನೀಲಿ ಆಕಾಶ: ಮೊಬೈಲಿನಲ್ಲಿ ಹೇಗೆ ತೆಗೆದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. 1870ರ ದಶಕದಲ್ಲಿ ಇಲ್ಲಿ ನೆಲೆಸಿದ ಎಬನೇಜರ್ ಬ್ರೈಸ್, ಹಸು ಕಳೆದುಕೊಳ್ಳಲು ಇದು ಬಲು ಕೆಟ್ಟ ಜಾಗ ಎಂದನಂತೆ. ಕೃಷಿಕನ ದೃಷ್ಟಿಯಿಂದ ನೋಡಿದರೆ ಅದೂ ನ್ಯಾಯವೇ.

ಹಿಮ ಬಿದ್ದ ಕೂಡಲೇ 18 ಮೈಲಿಯ ಉದ್ಯಾನ ರಸ್ತೆಯನ್ನು ಮೂರನೆಯ ಮೈಲಿಯ ಆಚೆ ಮುಚ್ಚಿ, ಯಂತ್ರದಿಂದ ಹಿಮ ತಳ್ಳಿದ ಮೇಲೆ ತೆರೆಯುತ್ತಾರೆ. ಬೇಸರಪಡಬೇಡಿ. ಮುಖ್ಯ ನೋಟಗಳಾದ ಸನ್‌ರೈಸ್, ಸನ್‌ಸೆಟ್, ಇನ್‌ಸ್ಪಿರೇಷನ್, ಬ್ರೈಸ್ ಪಾಯಿಂಟ್‌ಗಳೆಲ್ಲ ಈಚೆಗೇ ಇವೆ. ಕೆಳಗಿಳಿಯುವ ನವಾಹೋ ಲೂಪ್ ಹಾದಿಯ ವಾಲ್ ಸ್ಟ್ರೀಟ್ ಎಂಬ ಇಕ್ಕಟ್ಟಿನ ಭಾಗವನ್ನು ಕಲ್ಲು ಬೀಳುವ ಭಯಕ್ಕೆ ಚಳಿಗಾಲವಿಡೀ ಮುಚ್ಚುತ್ತಾರೆ. ಕ್ವೀನ್ಸ್ ಗಾರ್ಡನ್ ಕಡೆಯಿಂದ ಇಳಿಯಿರಿ. ಹಿಮ ಸಾಕಷ್ಟಿದ್ದರೆ ರೇಂಜರ್‌ಗಳು ಹಿಮದಲ್ಲಿ ಕಾಲು ಹೂತುಹೋಗದಂತೆ ಶೂಗೆ ಕಟ್ಟುವ ಹಿಮಪಾದುಕೆ ಕೊಟ್ಟು ಉಚಿತವಾಗಿ ಸುತ್ತಾಡಿಸುತ್ತಾರೆ. ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಬ್ರೈಸ್‌ನಿಂದ ಮುಂದಿನ ರಸ್ತೆ ಹೆದ್ದಾರಿ 12. ಅಮೆರಿಕದ ಅತಿ ಚೆಲುವಾದ ರಸ್ತೆಗಳಲ್ಲಿ ಒಂದೆಂಬ ಹೆಸರು ಅದಕ್ಕಿದೆ, ಸುಳ್ಳಲ್ಲ. ಆದರೆ ಟೋರಿ ಊರಿಗೆ ಮೊದಲು ಅದು ಬೌಲ್ಡರ್ ಪರ್ವತದ ಮೇಲೆ ಸುಮಾರು 2,900 ಮೀಟರ್‌ವರೆಗೆ ಹತ್ತುತ್ತದೆ. ಬಿರುಗಾಳಿಯ ಮುನ್ಸೂಚನೆ ಇದ್ದರೆ ಒಂದು ದಿನ ನಿಂತುಬಿಡಿ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಕಾರು ಓಡಿಸಿ ರೂಢಿಯಾದವರಿಗೆ, ಕಪ್ಪು ಡಾಂಬರಿನಂತೆಯೇ ಕಾಣುವ ತೆಳು ಹಿಮದ ಪರಿಚಯ ಇರುವುದಿಲ್ಲ. ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ವಾಹನವನ್ನೇ ಬಾಡಿಗೆಗೆ ಕೇಳಿ, ಆದರೆ ಅದು ಏರಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ ಎಂಬುದು ತಲೆಯಲ್ಲಿರಲಿ. ಮುಸ್ಸಂಜೆಯಲ್ಲಿ ಜಿಂಕೆಗಳು ಅಡ್ಡ ಬರುತ್ತವೆ. ಕತ್ತಲಾಗುವ ಮೊದಲೇ ವಸತಿ ಸೇರುವಂತೆ ಯೋಜಿಸಿ.

ಟೋರಿಯ ಪಕ್ಕದ ಕ್ಯಾಪಿಟಲ್ ರೀಫ್ ಉದ್ಯಾನ ನಿಮ್ಮ ಪಟ್ಟಿಯಲ್ಲಿಲ್ಲ, ಸೇರಿಸಿಕೊಳ್ಳಿ. ಭೂಮಿಯ ಪದರ ಸುಮಾರು 100 ಮೈಲಿ ಉದ್ದಕ್ಕೆ ಮಡಚಿಕೊಂಡಿರುವ ಜಾಗ ಅದು. ಹೆದ್ದಾರಿಯ ಪಕ್ಕದ ಬಂಡೆಯಲ್ಲೇ ಫ್ರೀಮಾಂಟ್ ಸಂಸ್ಕೃತಿಯ ಪ್ರಾಚೀನ ಮೂಲನಿವಾಸಿಗಳು ಕೊರೆದ ಚಿತ್ರಗಳಿವೆ. ಗ್ರಾಂಡ್ ವಾಶ್‌ನಂಥ ಒಣ ಹಳ್ಳದ ಹಾದಿಗಳಲ್ಲಿ ಗೋಡೆಗಳ ನಡುವೆ ನಡೆಯುವಾಗ ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದಲ್ಲಿ ಸುರಿದ ಮಳೆ ದಿಢೀರ್ ಪ್ರವಾಹವಾಗಿ ಬರುವ ಭಯವಿರುತ್ತದೆ. ಜನವರಿಯ ಸ್ವಚ್ಛ ದಿನದಲ್ಲಿ ಆ ಆತಂಕ ಬಹಳ ಕಡಿಮೆ. ಟೋರಿಯ ಹೋಟೆಲುಗಳು ಮಾತ್ರ ಹೆಚ್ಚಿನವು ಬಾಗಿಲು ಹಾಕಿರುತ್ತವೆ, ಸಸ್ಯಾಹಾರಿಗಳ ಪಾಡು ಕೇಳುವುದೇ ಬೇಡ. ಪುಟ್ಟ ಅನ್ನದ ಕುಕ್ಕರ್, ಪುಳಿಯೋಗರೆ ಗೊಜ್ಜು, ಅವಲಕ್ಕಿ ಕಾರಿನಲ್ಲಿರಲಿ. ಪೆಟ್ರೋಲ್ ಅರ್ಧಕ್ಕಿಳಿದಾಗಲೇ ತುಂಬಿಸಿ. ಟೋರಿ ಬಿಟ್ಟರೆ ಹ್ಯಾಂಕ್ಸ್‌ವಿಲ್, ಆಮೇಲೆ ಬಹಳ ದೂರ ಬರೀ ಬಯಲು.

ಮೋಆಬ್ ಊರಿನಲ್ಲಿ ಬಿಡಾರ ಹೂಡಿದರೆ ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್ ಎರಡೂ ಉದ್ಯಾನಗಳು ಹತ್ತಿರ. 2022ರಿಂದ ಕೆಲವು ವರ್ಷ ಜನಜಂಗುಳಿಯ ತಿಂಗಳುಗಳಲ್ಲಿ ಆರ್ಚಸ್ ಪ್ರವೇಶಕ್ಕೆ ಸಮಯ ಕಾಯ್ದಿರಿಸಬೇಕಾಗಿತ್ತು ಎಂದರೆ ಅಲ್ಲಿನ ನೂಕುನುಗ್ಗಲನ್ನು ಊಹಿಸಿಕೊಳ್ಳಿ. ಜನವರಿಯ ವಾರದ ದಿನ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ಸಾಲು ನಿಲ್ಲುವ ಕಷ್ಟ ಅಷ್ಟಾಗಿ ಇರುವುದಿಲ್ಲ. ಹೋಗಿಬರಲು ಮೂರು ಮೈಲಿ, ಏರು ಸುಮಾರು 150 ಮೀಟರ್. ಕೊನೆಯ 200 ಗಜ ಬಂಡೆಯ ಪಕ್ಕದ ಜಗುಲಿಯಂಥ ಹಾದಿ; ಹಿಮ ಕಟ್ಟುವುದು ಅಲ್ಲೇ. ಎಲ್ಲರೂ ಸೂರ್ಯಾಸ್ತಕ್ಕೇ ಹೋಗಿ ಎನ್ನುತ್ತಾರೆ, ನಾನು ಎನ್ನುವುದಿಲ್ಲ. ಜನವರಿ ಕೊನೆಯಲ್ಲಿ ಹಗಲು ಹತ್ತು ಗಂಟೆಗೆ ಸ್ವಲ್ಪ ಮೇಲಷ್ಟೇ, ಕತ್ತಲು ಬೇಗ ಕವಿಯುತ್ತದೆ, ಮಧ್ಯಾಹ್ನ ಕರಗಿದ್ದು ಇಳಿಯುವ ಹೊತ್ತಿಗೆ ಮತ್ತೆ ಹೆಪ್ಪುಗಟ್ಟಿರುತ್ತದೆ. ಮಧ್ಯಾಹ್ನವೇ ನೋಡಿ ಬನ್ನಿ. ಸೂರ್ಯೋದಯಕ್ಕೆ ಮಾತ್ರ ಚಳಿಗಾಲ ಉದಾರಿ: ಕ್ಯಾನ್ಯನ್‌ಲ್ಯಾಂಡ್ಸ್‌ನ ಮೇಸಾ ಆರ್ಚ್ ಕೆಳಗೆ ಕೆಂಪು ಬೆಳಕು ಹೊತ್ತಿಕೊಳ್ಳುವುದನ್ನು ನೋಡಲು ಬೇಸಿಗೆಯಂತೆ ನಾಲ್ಕು ಗಂಟೆಗೆ ಏಳಬೇಕಾಗಿಲ್ಲ, ಸೂರ್ಯ ಹುಟ್ಟುವುದೇ ಏಳೂವರೆಯ ಸುಮಾರಿಗೆ. ನೀರನ್ನು ಮೋಆಬ್‌ನಲ್ಲೇ ತುಂಬಿಕೊಳ್ಳಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೆ ಒಣ ಗಾಳಿ ಮೈಯ ನೀರನ್ನು ಹೀರುತ್ತಲೇ ಇರುತ್ತದೆ. ಹಾದಿ ಬಿಟ್ಟು ಮಣ್ಣಿನ ಮೇಲೆ ಕಾಲಿಡಬೇಡಿ. ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಆ ಪದರ ಸೂಕ್ಷ್ಮಜೀವಿಗಳು ಹೆಣೆದ ಜೀವಂತ ಹೊದಿಕೆ. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ದಶಕಗಳು ಬೇಕು.

ಎರಡು ದಿನ ಮಿಕ್ಕಿದರೆ ವಾಪಸ್ ಬರುವಾಗ ಮಾನ್ಯುಮೆಂಟ್ ವ್ಯಾಲಿ ಮೂಲಕ ಅರಿಜೋನಾ ರಾಜ್ಯದ ಗ್ರಾಂಡ್ ಕ್ಯಾನ್ಯನ್ ಮುಟ್ಟಬಹುದು. ಉತ್ತರದ ಅಂಚು ಚಳಿಗಾಲದಲ್ಲಿ ವಾಹನಗಳಿಗೆ ಮುಚ್ಚಿರುತ್ತದೆ, ದಕ್ಷಿಣದ್ದು ವರ್ಷವಿಡೀ ತೆರೆದಿರುತ್ತದೆ. ಬೇರೆ ಕಾಲದಲ್ಲಿ ಬಸ್ಸಿಗೆ ಮಾತ್ರ ಮೀಸಲಾದ ಹರ್ಮಿಟ್ ರಸ್ತೆಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸ್ವಂತ ಕಾರನ್ನು ಬಿಡುತ್ತಾರೆ. ಎತ್ತರದ ಲೆಕ್ಕ ಇಲ್ಲೂ ಅದೇ, ನಡಿಗೆ ಮಾತ್ರ ತಲೆಕೆಳಗು: ಜನವರಿಯಲ್ಲಿ 2,100 ಮೀಟರಿನ ಅಂಚಿನಲ್ಲಿ ಹಗಲಿಗೆ ಐದಾರು ಡಿಗ್ರಿ ಇದ್ದರೆ ತಳದ ಕೊಲರಾಡೊ ನದಿಯ ಬಳಿ ಹದಿಮೂರರ ಆಸುಪಾಸು. ಇಳಿಯುತ್ತ ಹೋದಂತೆ ಬೆಚ್ಚಗಾಗುತ್ತದೆಂದು ಮೋಸ ಹೋಗಬೇಡಿ, ಹತ್ತುವ ಕೆಲಸ ಕೊನೆಗೆ ಉಳಿದಿರುತ್ತದೆ. ಸೌತ್ ಕೈಬಾಬ್ ಹಾದಿಯಲ್ಲಿ ಸೀಡರ್ ರಿಜ್‌ವರೆಗೆ ಒಂದೂವರೆ ಮೈಲಿ ಇಳಿದು ಮರಳಿದರೆ ಸಾಕು; ಮೊದಲ ಕೆಲವು ತಿರುವುಗಳಲ್ಲಿ ಉಕ್ಕಿನ ಹಲ್ಲು ಬೇಕೇ ಬೇಕು. ಎದುರಿನ ಶಿಖರಗಳ ಹೆಸರು ಕೇಳಿ ನಗು ಬಂದೀತು: ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಪೂರ್ವದೇಶದ ದೇವರ ಹೆಸರಿಡುವ ಪದ್ಧತಿ ಶುರುಮಾಡಿದ, ನಂತರದವರು ಮುಂದುವರಿಸಿದರು. ಕಣಿವೆಯ ತಳದಲ್ಲಿರುವ ಸುಮಾರು 170 ಕೋಟಿ ವರ್ಷ ಹಳೆಯ ಕಪ್ಪು ಶಿಲೆಗೂ ವಿಷ್ಣುವಿನದೇ ಹೆಸರು.

ಗಡಿಯಾರದ ತೊಂದರೆಯೂ ಚಳಿಗಾಲದಲ್ಲಿ ಕಡಿಮೆ. ಬೇಸಿಗೆಯಲ್ಲಿ ಅರಿಜೋನಾ ಗಡಿಯಾರ ಮುಂದಿಡುವುದಿಲ್ಲ, ಅದರೊಳಗಿನ ನವಾಹೋ ಮೂಲನಿವಾಸಿಗಳ ನಾಡು ಇಡುತ್ತದೆ, ಯೂಟಾವೂ ಇಡುತ್ತದೆ. ಜನವರಿಯಲ್ಲಿ ಮೂರೂ ಕಡೆ ಒಂದೇ ಸಮಯ. ಲಾಸ್ ವೇಗಸ್ ಮಾತ್ರ ಒಂದು ಗಂಟೆ ಹಿಂದೆ. ಎಲ್ಲ ಉದ್ಯಾನಗಳಿಗೂ ಸೇರಿ ಅಮೆರಿಕ ನಿವಾಸಿಗಳಿಗೆ 80 ಡಾಲರಿನ ವಾರ್ಷಿಕ ಪಾಸ್ ಇದೆ. ಊರಿನಿಂದ ಬಂದ ನೆಂಟರು ಜೊತೆಗಿದ್ದರೆ ಒಂದು ಎಚ್ಚರಿಕೆ: 2026ರ ಜನವರಿಯಿಂದ ವಿದೇಶಿ ಪ್ರವಾಸಿಗಳ ವಾರ್ಷಿಕ ಪಾಸ್ 250 ಡಾಲರ್. ಪಾಸ್ ಇಲ್ಲದ ವಿದೇಶಿಯರು ಜಾಯನ್, ಬ್ರೈಸ್, ಗ್ರಾಂಡ್ ಕ್ಯಾನ್ಯನ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್ ಆ ಪಟ್ಟಿಯಲ್ಲಿಲ್ಲ.