ಅಟ್ಲಾಂಟಾ: ಚಳವಳಿಯ ಊರಲ್ಲಿ ಬೀದಿಗೂ ಸಿಟಿ ಹಾಲ್‌ಗೂ ಯಾಕೆ ಜಗಳ?

1974ರಿಂದ ಇಲ್ಲಿಯವರೆಗೆ ಅಮೆರಿಕದ ಅಟ್ಲಾಂಟಾ ನಗರದ ಮೇಯರ್‌ಗಳೆಲ್ಲ ಕಪ್ಪು ಜನರೇ. ಕಪ್ಪು ಜನರ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದೂ ಇದೇ ಊರಲ್ಲಿ. ಆದರೂ ಹೋರಾಟಗಾರರಿಗೂ ಸಿಟಿ ಹಾಲ್‌ಗೂ (ಅಂದರೆ ನಗರಾಡಳಿತಕ್ಕೂ) ಅಲ್ಲಿ ಆಗಾಗ ಜಟಾಪಟಿ ನಡೀತಾನೇ ಇರುತ್ತೆ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1948ರಲ್ಲಿ ಊರಿಗೆ ಮೊದಲ ಬಾರಿ ಎಂಟು ಮಂದಿ ಕಪ್ಪು ಪೊಲೀಸರು ಬಂದರು. ಬಿಳಿಯರನ್ನು ಬಂಧಿಸುವ ಅಧಿಕಾರ ಅವರಿಗೆ ಇರಲಿಲ್ಲ. ಆಗಿನಿಂದಲೇ ಒಂದು ಪದ್ಧತಿ ಬೇರೂರಿತ್ತು: ಬಿಳಿ ಉದ್ಯಮಿಗಳು ಮತ್ತು ಕಪ್ಪು ಸಮುದಾಯದ ಹಿರಿಯರು ಒಳಗೆ ಕೂತು ಮಾತಾಡೋದು, ಆಮೇಲೆ ಊರಿಗೆ ತಿಳಿಸೋದು. ದ್ವೇಷ ಮಾಡೋಕೆ ನಮಗೆ ಪುರುಸೊತ್ತಿಲ್ಲ ಎಂದು ಮೇಯರ್ ಹಾರ್ಟ್ಸ್‌ಫೀಲ್ಡ್ ಊರಿನ ಬಗ್ಗೆ ಹೇಳಿಕೊಳ್ಳುತ್ತಿದ್ದರು. 1960ರಲ್ಲಿ ಕಪ್ಪು ಕಾಲೇಜು ಹುಡುಗ ಹುಡುಗಿಯರು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಹೋಟೆಲ್ ಕೌಂಟರ್‌ಗಳಲ್ಲಿ ಕೂತು ಎದ್ದೇಳಲ್ಲ ಅಂದರು. ಅಕ್ಟೋಬರ್‌ನಲ್ಲಿ ರಿಚ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಅವರ ಜೊತೆ ಕಿಂಗ್ ಕೂಡ ಅರೆಸ್ಟ್ ಆದರು. ಮುಂದಿನ ವರ್ಷ ಹಿರಿಯರು ರಾಜಿ ಮಾಡಿಕೊಂಡರು: ಶಾಲೆಗಳಲ್ಲಿ ಕಪ್ಪು-ಬಿಳಿ ಬೇರ್ಪಾಟು ಹೋದ ಮೇಲೆ ಕೌಂಟರ್‌ಗಳಲ್ಲೂ ಹೋಗಲಿ, ಅಲ್ಲಿಯವರೆಗೆ ಕಾಯೋಣ ಅಂತ. ವಿದ್ಯಾರ್ಥಿಗಳಿಗೆ ಸಿಟ್ಟು ಬಂತು. ಬರದೇ ಇರುತ್ತಾ? 1962ರ ಡಿಸೆಂಬರ್‌ನಲ್ಲಿ, ಬಿಳಿಯರ ಬಡಾವಣೆಗೆ ಕಪ್ಪು ಜನ ಬರಬಾರದು ಎಂದು ಪೇಟನ್ ರಸ್ತೆಗೆ ನಗರಾಡಳಿತವೇ ಅಡ್ಡಗಟ್ಟೆ ಹಾಕಿತು. ಕೋರ್ಟ್ ಹೇಳಿದ ಮೇಲೆ ಅದು ಎದ್ದು ಹೋಯಿತು.

ಇನ್ನು ಅಸಲಿ ಕಥೆಗೆ ಬರೋಣ. 1973ರಲ್ಲಿ ಮೇನಾರ್ಡ್ ಜಾಕ್ಸನ್ ಗೆದ್ದರು. ಆಗ ಅವರಿಗೆ 35 ವರ್ಷ. ಅಮೆರಿಕದ ದಕ್ಷಿಣ ಭಾಗದ ದೊಡ್ಡ ನಗರವೊಂದಕ್ಕೆ ಮೊದಲ ಕಪ್ಪು ಮೇಯರ್. ಅವರು ಬರುವ ಮುಂಚೆ ನಗರದ ಕಂಟ್ರಾಕ್ಟ್‌ಗಳಲ್ಲಿ ಕಪ್ಪು ವ್ಯಾಪಾರಿಗಳ ಪಾಲು ಶೇ 1ರಷ್ಟೂ ಇರಲಿಲ್ಲ. ಹೊಸ ವಿಮಾನ ನಿಲ್ದಾಣ ಕಟ್ಟುವಾಗ ಜಾಕ್ಸನ್ ಪಟ್ಟು ಹಿಡಿದರು: ಶೇ 25ರಷ್ಟು ಪಾಲು ಅಲ್ಪಸಂಖ್ಯಾತರ ಕಂಪನಿಗಳಿಗೆ ಸಿಗಲೇಬೇಕು, ಇಲ್ಲದಿದ್ದರೆ ರನ್‌ವೇ ಮೇಲೆ ಕಳೆ ಬೆಳೆದರೂ ಪರವಾಗಿಲ್ಲ. ಆಡಳಿತ ಮಂಡಳಿಗೆ ಕಪ್ಪು ಜನರನ್ನೂ ಮಹಿಳೆಯರನ್ನೂ ಸೇರಿಸಿಕೊಳ್ಳದ ಬ್ಯಾಂಕ್‌ಗಳಿಂದ ನಗರದ ಹಣ ವಾಪಸ್ ತೆಗೀತೀನಿ ಎಂದರು. ಉದ್ಯಮಿಗಳು ಕೂಗಾಡಿದರು, ಆದರೂ ಕೆಲಸ ಆಯಿತು. 1980ರಲ್ಲಿ ಟರ್ಮಿನಲ್ ಶುರುವಾಯಿತು. ಅದೆಷ್ಟೋ ಕಪ್ಪು ಕುಟುಂಬಗಳು ಅಲ್ಲಿಂದಲೇ ಮೇಲೆ ಬಂದವು. ಇದನ್ನು ಸಣ್ಣ ಸಾಧನೆ ಎಂದು ಯಾರೂ ಹೇಳಬಾರದು.

ಆದರೆ ಅದೇ ಅವಧಿಯಲ್ಲಿ, 1977ರಲ್ಲಿ, ಪೌರಕಾರ್ಮಿಕರು ಸಂಬಳ ಹೆಚ್ಚಿಸಿ ಅಂತ ಕಸದ ಗಾಡಿ ನಿಲ್ಲಿಸಿದರು. ಹೆಚ್ಚಿನವರು ಕಪ್ಪು ಜನ, ಜಾಕ್ಸನ್‌ಗೆ ವೋಟು ಹಾಕಿದವರು. 1970ರಲ್ಲಿ ಇವರೇ ಮುಷ್ಕರ ಮಾಡಿದಾಗ ಉಪಮೇಯರ್ ಆಗಿದ್ದ ಜಾಕ್ಸನ್ ಅವರ ಪರ ನಿಂತಿದ್ದರು. ಈ ಸಲ ಬಜೆಟ್‌ನಲ್ಲಿ ದುಡ್ಡಿಲ್ಲ ಎಂದು ಹೇಳಿ 900ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದರು. ಕಿಂಗ್ ಅವರ ತಂದೆಯೂ ಮೇಯರ್ ಬೆನ್ನಿಗೆ ನಿಂತರು. ಮಗ ತೀರಿಕೊಂಡದ್ದು 1968ರಲ್ಲಿ ಮೆಂಫಿಸ್‌ನಲ್ಲಿ, ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡೋಕೆ ಹೋದಾಗ. ಇದನ್ನು ಓದುವಾಗ ನನಗೆ ಹೊಟ್ಟೆ ಚುರ್ ಅನ್ನುತ್ತೆ. ನಗರದ ಖಜಾನೆ ನಿಜಕ್ಕೂ ಬಿಗಿಯಾಗಿತ್ತು, ಒಪ್ಪೋಣ. ಆದರೆ ಆ ಬಿಗಿ ತಾಗಿದ್ದು ಗಾಡಿ ತಳ್ಳುವವರಿಗೇ ಅಲ್ವಾ? ವಿಮಾನ ನಿಲ್ದಾಣದ ಪಾಲಿನಲ್ಲಿ ಅವರಿಗೆ ಸಿಕ್ಕಿದ್ದು ತುಂಬ ಕಡಿಮೆ.

ನಂತರ ಆಂಡ್ರ್ಯೂ ಯಂಗ್ ಮೇಯರ್ ಆಗಿ ಬಂದರು, ಒಲಿಂಪಿಕ್ಸ್ ಬಂತು. 1996ರ ಆ ಕ್ರೀಡಾಕೂಟಕ್ಕೆ ಮುಂಚೆ, ಬಡವರು ಇದ್ದ ಟೆಕ್‌ವುಡ್ ವಸತಿ ಸಮುಚ್ಚಯ ನೆಲಸಮವಾಯಿತು. 1970ರಲ್ಲಿ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನರಾಗಿದ್ದರು. 2020ರ ಜನಗಣತಿಯಲ್ಲಿ ಆ ಪಾಲು ಅರ್ಧಕ್ಕಿಂತ ಕೆಳಗಿದೆ.

ಈಚಿನ ಜಗಳ ಪೊಲೀಸ್ ತರಬೇತಿ ಕೇಂದ್ರದ್ದು. 2021ರಲ್ಲಿ ನಗರಸಭೆ ಒಪ್ಪಿಗೆ ಕೊಟ್ಟಿತು, ವಿರೋಧಿಗಳು ಅದನ್ನು ಕಾಪ್ ಸಿಟಿ, ಅಂದರೆ ಪೊಲೀಸರ ಊರು, ಎಂದು ಕರೆದರು. ಜನಮತ ಕೇಳಿ ಎಂದು 2023ರಲ್ಲಿ 1,16,000ಕ್ಕೂ ಹೆಚ್ಚು ಸಹಿಗಳಿವೆ ಎಂದು ಹೇಳಿ ಪೆಟ್ಟಿಗೆಗಳನ್ನು ಸಿಟಿ ಹಾಲ್‌ಗೆ ಹೊತ್ತುಕೊಂಡು ಹೋದರು. ಸಹಿ ಸಂಗ್ರಹದ ಗಡುವಿನ ವಿವಾದ ಕೋರ್ಟ್‌ನಲ್ಲಿದೆ ಎಂದು ನಗರಾಡಳಿತ ಸಹಿಗಳ ಪರಿಶೀಲನೆ ಶುರು ಮಾಡಲಿಲ್ಲ. ಮತದಾನ ನಡೆಯಲಿಲ್ಲ. ಕೇಂದ್ರ 2025ರಲ್ಲಿ ಶುರುವಾಯಿತು.