ಭತ್ತ ಬೇಯುವ ವಾಸನೆ ಮಾಲೀಕರಿಗೆ ಯಾಕೆ ಬರಲ್ಲ?

ಗಂಗಾವತಿಯ ರೈಸ್ ಮಿಲ್ಲಿಗೆ ಹೊಸಬರು ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ. ನೆನೆದ ಭತ್ತ ಹಬೆಯಲ್ಲಿ ಬೇಯುವಾಗ ಏಳುವ, ಸ್ವಲ್ಪ ಹುಳಿಹುಳಿಯಾದ ವಾಸನೆ. ಮಾಲೀಕರನ್ನು ಕೇಳಿ ನೋಡಿ, 'ಯಾವ ವಾಸನೆರೀ?' ಅಂತಾರೆ. ಸುಳ್ಳಲ್ಲ, ಅವರಿಗೆ ನಿಜಕ್ಕೂ ಅದು ಗೊತ್ತಾಗುವುದಿಲ್ಲ.

ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗಿನ ನರಕೋಶಗಳು ಕೆಲವೇ ನಿಮಿಷಗಳಲ್ಲಿ ಮಂದವಾಗುತ್ತವೆ. ಮಿದುಳೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಹೊರಗೆ ನಿಂತು ಬಂದರೆ ಇದು ಸರಿಹೋಗುತ್ತದೆ. ಆದರೆ ದಿನಗಟ್ಟಲೆ ಅದರಲ್ಲೇ ಇದ್ದವರ ಕತೆ ಬೇರೆ. 1996ರಲ್ಲಿ ಪಮೇಲಾ ಡಾಲ್ಟನ್ ಮತ್ತು ಚಾರ್ಲ್ಸ್ ವೈಸೋಕಿ ಎಂಬ ವಿಜ್ಞಾನಿಗಳು ಕೆಲವರ ಮನೆಗಳಲ್ಲಿ ವಾರಗಟ್ಟಲೆ ಒಂದು ವಾಸನೆಯನ್ನು ಇಡಿಸಿ ನೋಡಿದರು. ಅದನ್ನು ತೆಗೆದು 2 ವಾರವಾದರೂ ಆ ವಾಸನೆಗೆ ಅವರ ಮೂಗು ಪೂರ್ತಿ ಚುರುಕಾಗಿರಲಿಲ್ಲ.

ಬುದ್ಧಿಗೂ ಜಡ್ಡು ಹಿಡಿಯುತ್ತದೆ, ದಾರಿ ಬೇರೆ ಅಷ್ಟೇ. 1942ರಲ್ಲಿ ಅಬ್ರಹಾಂ ಲುಚಿನ್ಸ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. 21, 127 ಮತ್ತು 3 ಅಳತೆಯ ಮೂರು ಪಾತ್ರೆ ಇವೆ, 100 ಅಳತೆ ನೀರು ಬೇಕು. 127ರಿಂದ ಒಮ್ಮೆ 21, ಎರಡು ಸಲ 3 ತೆಗೆದರೆ ಆಯಿತು. ಇದೇ ದಾರಿ ಹಿಡಿಯಬೇಕಾದ ಲೆಕ್ಕಗಳನ್ನೇ ಒಂದರ ಮೇಲೊಂದು ಕೊಟ್ಟರು. ಆಮೇಲೆ ಪಾತ್ರೆಗಳು 23, 49, 3, ಬೇಕಾದದ್ದು 20. ಹೆಚ್ಚಿನವರು ಮತ್ತೆ 49ರಿಂದಲೇ ಶುರು ಮಾಡಿ 23, 3, 3 ಎಂದು ಕಳೆಯುತ್ತಾ ಹೋದರು. 23ರಲ್ಲಿ 3 ತೆಗೆದರೆ ಮುಗೀತು ಅಲ್ವಾ? ಹಿಂದಿನ ಲೆಕ್ಕ ಮಾಡಿರದವರಿಗೆ ಅದು ಸಲೀಸಾಗಿ ಕಂಡಿತು.

ನನಗೆ ಇದಕ್ಕಿಂತ ಜಾಸ್ತಿ ದಿಗಿಲು ಹುಟ್ಟಿಸಿದ್ದು 2008ರ ಚೆಸ್ ಪ್ರಯೋಗ. ಬಿಲಾಲಿಚ್, ಮೆಕ್ಲಿಯೋಡ್ ಮತ್ತು ಗೋಬೆ ಎಂಬ ಸಂಶೋಧಕರು ನುರಿತ ಆಟಗಾರರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಯಂತ್ರದಿಂದ ಅಳೆದರು. ಗೊತ್ತಿದ್ದ ಒಂದು ಪಟ್ಟು ಹೊಳೆದ ಮೇಲೆ ಆಟಗಾರರು 'ಇನ್ನೂ ಒಳ್ಳೆಯದನ್ನು ಹುಡುಕುತ್ತಿದ್ದೇವೆ' ಎಂದರು. ಕಣ್ಣು ಮಾತ್ರ ಹಳೆಯ ಪಟ್ಟಿನ ಮನೆಗಳಲ್ಲೇ ಸುತ್ತುತ್ತಿತ್ತು. ವರ್ಷಗಳಿಂದ ತೌಡನ್ನು ಒಬ್ಬರಿಗೇ ಮಾರುತ್ತಾ, ಅದೇ ಉದ್ರಿ ಗಿರಾಕಿಗಳನ್ನು ಹಿಡಿದುಕೊಂಡು 'ಎಲ್ಲಾ ಕಡೆ ಯೋಚಿಸಿ ನೋಡಿದೀನಿ' ಅನ್ನುವ ಮಾಲೀಕರೂ ಸುಳ್ಳು ಹೇಳುತ್ತಿರುವುದಿಲ್ಲ.

ಹಾಗಾದರೆ ಸ್ವಲ್ಪ ಹೊತ್ತು ಕೆಲಸ ಬಿಟ್ಟು ಹೋದರೆ ಉಪಯೋಗವಿದೆಯಾ? ಇದೆ, ಆದರೆ ಷರತ್ತು ಉಂಟು. ಸಿಯೋ ಮತ್ತು ಆರ್ಮರೋಡ್ ಎಂಬ ಸಂಶೋಧಕರು 2009ರಲ್ಲಿ 117 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬಿಡುವಿನಿಂದ ಸಮಸ್ಯೆ ಬಿಡಿಸಲು ಸಹಾಯವಾಗುತ್ತದೆ ಎಂದು ಕಂಡಿತು. ಆದರೆ ಮೊದಲೇ ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡವರಿಗೆ ಲಾಭ ಹೆಚ್ಚು. ಕೆಲವು ಬಗೆಯ ಒಗಟುಗಳಲ್ಲಂತೂ ಸುಮ್ನೆ ಕೂರುವುದಕ್ಕಿಂತ ಹಗುರವಾದ ಬೇರೆ ಕೆಲಸ ಮಾಡಿದ್ದೇ ಮೇಲಾಯಿತು. ಅಂಜನಾದ್ರಿ ಬೆಟ್ಟ ಹತ್ತುವುದು ಈ ಲೆಕ್ಕಕ್ಕೆ ಬರಬಹುದು ಎಂದು ನನ್ನ ಊಹೆ. ಮೇಲೆ ಹತ್ತಿ ಮೊಬೈಲಿನಲ್ಲಿ ಮಿಲ್ಲಿನ ಸಿಸಿಟಿವಿ ನೋಡುತ್ತಾ ಕೂರುವವರನ್ನು ಮಾತ್ರ ಈ ಲೆಕ್ಕದಿಂದ ಬಿಡಬೇಕು.

ಸೀಸನ್ನಿನಲ್ಲಿ ಭತ್ತದ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿರುವಾಗ ಎಲ್ಲಿಗೆ ಹೋಗುವುದು? ಕುರ್ಚಿ ಬಿಡದೆಯೂ ದೂರ ಸರಿಯಬಹುದು. 1985ರಲ್ಲಿ ಇಂಟೆಲ್ ಕಂಪನಿಯ ಮೆಮೊರಿ ಚಿಪ್ ವ್ಯಾಪಾರ ಜಪಾನಿನವರ ಪೈಪೋಟಿಗೆ ನೆಲಕಚ್ಚಿತ್ತು. ಆಗ ಕಂಪನಿಯ ಅಧ್ಯಕ್ಷರಾಗಿದ್ದ ಆಂಡಿ ಗ್ರೋವ್ ತಮ್ಮ ಮೇಲಧಿಕಾರಿ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ಹೊರಗೆ ಹಾಕಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ? ಮೆಮೊರಿ ಬಿಟ್ಟುಬಿಡುತ್ತಾರೆ ಎಂದರು ಮೂರ್. ಹಾಗಾದರೆ ನಾವೇ ಬಾಗಿಲಿಂದಾಚೆ ಹೋಗಿ, ವಾಪಸ್ ಬಂದು ಅದನ್ನು ಮಾಡಿದರೇನು ಎಂದರು ಗ್ರೋವ್. ಕಂಪನಿ ಮೆಮೊರಿ ಬಿಟ್ಟು, ಕಂಪ್ಯೂಟರಿನ ಮಿದುಳಿನಂತಿರುವ ಮೈಕ್ರೋಪ್ರೊಸೆಸರ್ ಚಿಪ್ ಹಿಡಿಯಿತು. ಮಿಲ್ಲಿನವರೂ ಇದನ್ನು ಕೇಳಿಕೊಳ್ಳಬಹುದು: ನಾಳೆ ಈ ಮಿಲ್ಲನ್ನು ಬೇರೆಯವರು ಕೊಂಡರೆ ಮೊದಲು ಯಾರಿಗೆ ಉದ್ರಿ ನಿಲ್ಲಿಸುತ್ತಾರೆ?